ಎರಡು ಸಲ ಕೂತವರು

ನಿನ್ನೆ ನಮ್ಮ ಮನೆಯಲ್ಲಿ ಒಂದು ದೊಡ್ಡ ಸಂಗತಿ ನಡೆಯಿತು. ನನ್ನ ಮೊಮ್ಮಗಳು ಕೂತಳು.

ನಗಬೇಡಿ. ಆರೂವರೆ ತಿಂಗಳ ಮಗು, ಯಾರೂ ಹಿಡಿಯದೆ, ದಿಂಬಿನ ಆಸರೆಯಿಲ್ಲದೆ, ಎರಡು ಕೈಯನ್ನೂ ಮುಂದೆ ಊರಿ ಕಪ್ಪೆಯ ಹಾಗೆ ಕೂತಳು. ಆಮೇಲೆ ಒಂದು ಕೈಯನ್ನು ಮೆಲ್ಲಗೆ ಎತ್ತಿ ನೋಡಿದಳು. ಬೀಳಲಿಲ್ಲ ಎಂದು ಧೈರ್ಯ ಬಂದ ಮೇಲೆ ಇನ್ನೊಂದನ್ನೂ ಎತ್ತಿ, ಚಪ್ಪಾಳೆ ತಟ್ಟಲು ಹೋಗಿ ಹಿಂದಕ್ಕೆ ವಾಲಿದಳು. ಹಿಂದೆ ನನ್ನ ಕೈ ಇತ್ತು. ನಾನು ಕೂಗಿದ ಕೂಗಿಗೆ ಅಡುಗೆಮನೆಯಿಂದ ಮಗಳು, ಅಂಗಳದಿಂದ ನಮ್ಮವರು ಓಡಿ ಬಂದರು.

"ಎಂತ ಆಯ್ತು? ಹಾವಾ?" ಎಂದರು ನಮ್ಮವರು.

"ಕೂತಳು!"

"ಯಾರು?"

"ಇವಳು ಮಾರಾಯ್ರೆ, ಇವಳು!"

ಅವರು ಬಾಡಿಗೆಗೆ ಹೊರಟವರು. ಸ್ಟಾರ್ಟ್ ಮಾಡಿದ ಆಟೋ ಅಂಗಳದಲ್ಲಿ ಗುಡುಗುಡು ಅನ್ನುತ್ತಲೇ ಇತ್ತು. ನಾವು ಮೂವರೂ ನೆಲದಲ್ಲಿ ಕೂತು, ಅವಳು ಇನ್ನೊಮ್ಮೆ ಕೂರುವುದನ್ನು ಕಾದೆವು. ಕೂತಳು. ಮೂರನೆಯ ಸಲವೂ ಕೂತಳು. ಅಷ್ಟು ಸಂತೋಷವಾದರೆ ಅದನ್ನು ಯಾರಿಗಾದರೂ ಹೇಳದೆ ಇರಲು ಆಗುವುದಿಲ್ಲ. ಎದ್ದು ಹೊರಗೆ ಬಂದು, ಬೇಲಿಯ ಹತ್ತಿರ ನಿಂತು, "ಅಕ್ಕಾ" ಎಂದು ಕರೆಯಲು ಬಾಯಿ ತೆರೆದೆ.

ಆಮೇಲೆ ನೆನಪಾಯಿತು. ನೆರೆಮನೆಯ ಅಕ್ಕ ತೀರಿಹೋಗಿ ನಲ್ವತ್ತು ದಿನ ದಾಟಿತು.

ಅವರ ಹೆಸರು ನಾನು ಬರೆಯುವುದಿಲ್ಲ. "ಹೇಳುದಾದ್ರೆ ಹೇಳು, ನಾಲ್ಕು ಹುಡುಗಿಯರಿಗೆ ಗೊತ್ತಾಗ್ಲಿ. ಹೆಸರು ಮಾತ್ರ ಹಾಕ್ಬೇಡ" ಎಂದು ಅವರೇ ಹೇಳಿದ್ದರು. ನನ್ನದು ಐದನೆಯ ತರಗತಿಯ ಕನ್ನಡ, ತಪ್ಪಿದ್ದರೆ ಮಗಳು ತಿದ್ದುತ್ತಾಳೆ. ನಾವಿಬ್ಬರು ಆಡುತ್ತಿದ್ದದ್ದು ತುಳು. ಇಲ್ಲಿ ಅದನ್ನು ಕನ್ನಡ ಮಾಡಿ ಹಾಕಿದ್ದೇನೆ.

ನಮ್ಮ ಮನೆ ಇರುವುದು ಕೊಯಿಲದಲ್ಲಿ, ಜಾನುವಾರು ಫಾರ್ಮಿನ ತಂತಿಬೇಲಿಗೆ ಸಮೀಪ. ನಾವು ಬ್ಯಾರಿಗಳು, ಈ ಕಡೆಯ ಮುಸ್ಲಿಮರು. ಅವರದ್ದು ಹೆಸರಿರುವ ತುಳುವರ ಮನೆತನ. ಅಣ್ಣನ ದೊಡ್ಡ ಮನೆಯ ಜಾಗದ ತುದಿಯಲ್ಲಿ ಅವರಿಗೆಂದು ಒಂದೇ ಕೋಣೆಯ ಹಂಚಿನ ಮನೆ ಇತ್ತು. ಅಣ್ಣ ತೀರಿಹೋದ ಮೇಲೆ ಆ ದೊಡ್ಡ ಮನೆಯಲ್ಲಿ ಅಣ್ಣನ ಮಗ ಇದ್ದ. ಒಳ್ಳೆಯವನೇ, ಆದರೆ ಅವನ ಮನೆಯಲ್ಲಿಯೂ ಅವರು ಮೆಟ್ಟಿಲಿನಿಂದ ಮೇಲೆ ಹೋದದ್ದನ್ನು ನಾನು ಕಾಣಲಿಲ್ಲ. ನಮ್ಮಿಬ್ಬರ ನಡುವೆ ಒಂದು ಬೇಲಿ. ಮದುವೆಯಾಗಿ ನಾನು ಈ ಮನೆಗೆ ಬಂದಾಗಲೂ ಅವರು ಅಲ್ಲಿದ್ದರು. ಗಂಡನಿಲ್ಲ, ಮಕ್ಕಳಿಲ್ಲ, ಒಂದು ದನ, ಬೀಡಿ ಕಟ್ಟುವ ಒಂದು ಗೆರಸೆ. ಗಂಡನ ಮನೆ ಗುತ್ತಿಗಾರಿನ ಕಡೆ ಗುಡ್ಡದ ಮೇಲೆ ಎಂದು ಮಾತ್ರ ಗೊತ್ತಿತ್ತು. ಯಾಕೆ ಬಿಟ್ಟು ಬಂದರು ಎಂದು ಕೇಳಿದರೆ, "ಅಲ್ಲಿ ಆನೆ ಕಾಟ" ಎಂದು ಮಾತು ಮುಗಿಸುತ್ತಿದ್ದರು.

ಅವರು ಕೂರುತ್ತಿರಲಿಲ್ಲ. ಅವರ ಬಗ್ಗೆ ಊರಿಗೆ ಗೊತ್ತಿದ್ದ ಸಂಗತಿ ಇದೊಂದೇ.

ವಾರಕ್ಕೆ ಎರಡು ಸಲ ಕಟ್ಟಿದ ಬೀಡಿ ಕೊಡಲು ನಾವೆಲ್ಲ ಬ್ರಾಂಚಿಗೆ ಹೋಗುತ್ತಿದ್ದೆವು. ನಾವು ಹದಿನೈದಿಪ್ಪತ್ತು ಹೆಂಗಸರು ಜಗಲಿಯಲ್ಲಿ ಕಾಲು ಚಾಚಿ ಕೂತು ಊರ ಸುದ್ದಿಯನ್ನೆಲ್ಲ ಅಲ್ಲಿ ಬಿಚ್ಚುತ್ತಿದ್ದೆವು. ಅವರು ಮಾತ್ರ ಎದುರಿನ ಹಲಸಿನ ಮರದ ಕೆಳಗೆ, ಗೆರಸೆಯನ್ನು ಸೊಂಟಕ್ಕೆ ಆನಿಸಿಕೊಂಡು, ಎರಡು ಗಂಟೆಯಾದರೂ ನಿಂತೇ ಇರುತ್ತಿದ್ದರು. ನಮ್ಮಲ್ಲಿ ಒಬ್ಬಳು ಬಾಯಿಬಡುಕಿ ಅವರಿಗೆ ಲೈಟ್ ಕಂಬ ಎಂದು ಹೆಸರಿಟ್ಟಿದ್ದಳು. "ಲೈಟ್ ಕಂಬ ಬಂತು, ಕರೆಂಟು ಉಂಟಾ ನೋಡಿ" ಎನ್ನುತ್ತಿದ್ದಳು. ಅವರಿಗೂ ಕೇಳಿಸುತ್ತಿತ್ತು.

"ಕೂತವರಿಗೆ ಬಾಯಿ ಹೆಚ್ಚು. ನಿಂತವರಿಗೆ ದೂರ ಕಾಣ್ತದೆ" ಎಂದು ಅಲ್ಲಿಂದಲೇ ಹೇಳುತ್ತಿದ್ದರು.

"ದೂರದಲ್ಲಿ ಎಂತ ಕಾಣ್ತದೆ ಅಕ್ಕಾ?"

"ನಿನ್ನ ಗಂಡ ಶೇಂದಿ ಅಂಗಡಿಗೆ ಹೋಗುದು ಕಾಣ್ತದೆ."

ಎಲ್ಲರೂ ಬಿದ್ದು ನಗುತ್ತಿದ್ದೆವು. ಅವರು ನಗುತ್ತಿರಲಿಲ್ಲ. ಮಾತು ಎಸೆದು ಮುಖ ತಿರುಗಿಸಿ ರಸ್ತೆ ನೋಡುತ್ತಿದ್ದರು.

ಬಸ್ಸಿನಲ್ಲಿಯೂ ಹಾಗೆಯೇ. ಒಂದು ಸಲ ಸುಳ್ಯಕ್ಕೆ ಹೋಗುವ ಬಸ್ಸಿನಲ್ಲಿ ನಾನೂ ಇದ್ದೆ. ಅರ್ಧ ಬಸ್ಸು ಖಾಲಿ. ಅವರು ಹಿಂದಿನ ಬಾಗಿಲಿನ ಹತ್ತಿರ ಕಂಬಿ ಹಿಡಿದು ನಿಂತಿದ್ದರು. ಕಂಡಕ್ಟರಿಗೆ ನೋಡಿ ನೋಡಿ ತಡೆಯಲಿಲ್ಲ.

"ಅಮ್ಮಾ, ಸೀಟು ಉಂಟಲ್ಲ, ಕೂತ್ಕೊಳ್ಳಿ ಮಾರಾಯ್ರೆ. ಟಿಕೇಟು ಕೊಟ್ಟದ್ದು ಸೀಟಿಗೂ ಸೇರಿ."

"ನನ್ನ ಪಾಲಿನದ್ದರಲ್ಲಿ ನೀನು ಕೂರು ಮಗಾ. ನಿನಗೂ ಕಾಲು ನೋವಿರ್ತದೆ" ಎಂದರು ಅವರು.

ಅವರ ಹತ್ತಿರ ಹೋದರೆ ಯಾವಾಗಲೂ ಲಾವಂಚದ ಪರಿಮಳ. ಬೇರಿನ ಸಣ್ಣ ಕಟ್ಟೊಂದನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡಿರುತ್ತಿದ್ದರು. ಒಂಟಿ ಹೆಂಗಸಿಗೆ ಇಷ್ಟು ಶೋಕಿ ಯಾಕೆ ಎಂದು ಬ್ರಾಂಚಿನಲ್ಲಿ ಅದಕ್ಕೂ ಒಂದು ಕತೆ ಹುಟ್ಟಿತ್ತು. ಬಟ್ಟೆ ಒಣಗಿಸುವ ಹಗ್ಗವನ್ನು ಮನೆಯ ಹಿಂದೆ, ಫಾರ್ಮಿನ ಬೇಲಿಯ ಕಡೆಗೆ ಕಟ್ಟಿದ್ದರು. ದನಗಳಲ್ಲದೆ ಬೇರೆ ಯಾರೂ ನೋಡದ ಜಾಗ ಅದು. ಒಬ್ಬರೇ ಇರುವ ಮನೆಯಲ್ಲಿ ದಿನಾ ಅಷ್ಟು ಬಟ್ಟೆ ಎಲ್ಲಿಂದ ಎಂದು ನಾನು ಒಂದೆರಡು ಸಲ ಯೋಚಿಸಿದ್ದುಂಟು. ಯೋಚಿಸಿ ಬಿಟ್ಟೆ.

ನಮ್ಮ ಮನೆಗೆ ಅವರು ಬರುತ್ತಿರಲಿಲ್ಲ ಎಂದಲ್ಲ. ಬರುತ್ತಿದ್ದರು. ಮೆಟ್ಟಿಲಿನ ಕೆಳಗೆ ನಿಲ್ಲುತ್ತಿದ್ದರು. ಮನೆಗೆ ಬಂದವರಿಗೆ ಚಾಪೆ ಹಾಸುವುದು ನಮ್ಮ ಕ್ರಮ. ನಾನು ಹಾಸುತ್ತಿದ್ದೆ. ಅವರು ಚಾಪೆಯನ್ನು ನೋಡಿ, "ಬೇಡ, ಈಗ ಹೋಗ್ಲಿಕ್ಕೆ ಉಂಟು" ಎಂದು ಒಂದು ಗಂಟೆ ನಿಂತೇ ಮಾತನಾಡುತ್ತಿದ್ದರು. ಚಾ ತಂದರೆ, "ಈಗಷ್ಟೇ ಕುಡಿದದ್ದು." ನೀರು ತಂದರೆ, "ಬಾಯಾರಿಕೆ ಇಲ್ಲ." ಸುಡುವ ಬೇಸಗೆಯಲ್ಲಿ ಹುಲ್ಲಿನ ಹೊರೆ ಹೊತ್ತು ಬಂದವರಿಗೆ ಬಾಯಾರಿಕೆ ಇಲ್ಲವಂತೆ.

ನಮ್ಮ ಕಡೆ ಇದಕ್ಕೆ ಒಂದೇ ಅರ್ಥ. ಮನೆಯ ಚಾಪೆಯಲ್ಲಿ ಕೂರುವುದಿಲ್ಲ, ಮನೆಯ ನೀರು ಕುಡಿಯುವುದಿಲ್ಲ ಎಂದರೆ ಆ ಮನೆಯವರು ತಮಗಿಂತ ಕೀಳು ಎಂದು. ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ನಾನು ಹಾಗೆಯೇ ತಿಳಿದುಕೊಂಡೆ. ಬೇರೆ ಹೇಗೆ ತಿಳಿದುಕೊಳ್ಳಲಿ? ಅವರು ಅವರ ಜಾತಿಯವರ ಮನೆಯಲ್ಲಿಯೂ ಕೂರುವುದಿಲ್ಲ, ದೇವಸ್ಥಾನದ ಊಟದ ಪಂಕ್ತಿಯಲ್ಲಿಯೂ ಕೂರುವುದಿಲ್ಲ ಎಂಬುದು ಕಣ್ಣೆದುರಿಗೇ ಇತ್ತು. ಆದರೆ ಮನಸ್ಸಿಗೆ ಒಂದು ಮುಳ್ಳು ಚುಚ್ಚಿದರೆ ಕಣ್ಣು ಆ ಮುಳ್ಳನ್ನೇ ನೋಡುತ್ತದೆ.

ಮಗಳ ಮದುವೆಯ ದಿನ ಬಂದರು. ಶಾಮಿಯಾನದ ಕಂಬ ಹಿಡಿದು ನಿಂತರು. ಮಗಳ ಕೈಗೆ ತಾವೇ ಹೆಣೆದ ಲಾವಂಚದ ಬೀಸಣಿಗೆ ಕೊಟ್ಟರು. ನಾನೇ ಹೋಗಿ, "ನಿಮಗೆ ಬೇರೆಯೇ ಅಡುಗೆ ಮಾಡಿಸಿದ್ದೇನೆ, ನಿಮ್ಮವರೇ ಮಾಡಿದ್ದು. ಇವತ್ತಾದ್ರೂ ಕೂತ್ಕೊಳ್ಳಿ" ಎಂದೆ. ಅವರು ನನ್ನ ಮುಖ ನೋಡಿದರು. ಕಣ್ಣು ತುಂಬಿತು. "ಇನ್ನೊಮ್ಮೆ" ಎಂದು ಹೇಳಿ ಹೋದರು. ಆ ಕಣ್ಣೀರು ನನಗೆ ಕಾಣಲಿಲ್ಲ ಎಂದಲ್ಲ. ಕಂಡಿತು. ಆದರೆ ಸಿಟ್ಟು ಇನ್ನಷ್ಟು ಹೆಚ್ಚಾಯಿತು. ಅವತ್ತಿನಿಂದ ಚಾಪೆ ಹಾಸುವುದನ್ನು ಬಿಟ್ಟೆ. ಅವರು ಬಂದು ನಿಂತರೆ ನಾನೂ ನಿಂತೇ ಮಾತನಾಡುತ್ತಿದ್ದೆ.

ಮಗಳು ಮೊದಲ ಹೆರಿಗೆಗೆ ನಮ್ಮ ಮನೆಗೆ ಬಂದಳು. ತಾರೀಕಿಗೆ ಹತ್ತು ದಿನ ಇರುವಾಗ ಒಮ್ಮೆ ಹೊಟ್ಟೆ ನೋವು ಎಂದು ಪುತ್ತೂರಿಗೆ ಕರೆದುಕೊಂಡು ಹೋಗಿದ್ದೆವು. ಸುಳ್ಳು ನೋವು ಎಂದು ವಾಪಸು ಕಳುಹಿಸಿದರು. ಬೀಗರ ಮನೆಯಲ್ಲಿ, "ನಿನ್ನ ಉಮ್ಮನಿಗೆ ನಿನಗಿಂತ ಹೆಚ್ಚು ಗಡಿಬಿಡಿ" ಎಂದು ನಗೆಯಾಡಿದರಂತೆ. ಆ ಒಂದು ನಗೆ ನನ್ನ ಬುದ್ಧಿಯನ್ನು ತಿಂದಿತು. ಸರಿಯಾದ ನೋವು ಬರುವವರೆಗೆ ಇನ್ನು ಆಸ್ಪತ್ರೆಗೆ ಹೋಗುವುದಿಲ್ಲ ಎಂದು ನಿಶ್ಚಯ ಮಾಡಿಬಿಟ್ಟೆ.

ಅದಾಗಿ ಐದನೆಯ ದಿನ, ಗುರುವಾರ ಬೆಳಗ್ಗೆ ಮಗಳು, "ಉಮ್ಮಾ, ಬಟ್ಟೆ ಒದ್ದೆ ಆಗ್ತಾ ಉಂಟು" ಎಂದಳು. "ಕೊನೆಯ ದಿನಗಳಲ್ಲಿ ಹಾಗೆಯೇ ಮೋಳೇ, ಮಗು ಒತ್ತುವಾಗ ಮೂತ್ರ ನಿಲ್ಲುದಿಲ್ಲ" ಎಂದೆ. ಮಧ್ಯಾಹ್ನ ನೋವು ಸುರುವಾಯಿತು. ಬರುತ್ತಿತ್ತು, ಹೋಗುತ್ತಿತ್ತು. "ಚೊಚ್ಚಲು ಅಲ್ವಾ, ಹೊತ್ತು ಹಿಡಿತದೆ. ನಿನ್ನನ್ನು ಹೆರ್ಲಿಕ್ಕೆ ನನಗೆ ಒಂದೂವರೆ ದಿನ ಬೇಕಾಯ್ತು" ಎಂದು ಸೊಂಟಕ್ಕೆ ಎಣ್ಣೆ ತಿಕ್ಕಿದೆ. ಮರುದಿನ ಬೆಳಗಾದರೂ ಅದೇ ನೋವು, ಅಲ್ಲೇ ನಿಂತ ಹಾಗೆ. ನಮ್ಮವರು, "ಕರ್ಕೊಂಡು ಹೋಗುವನಾ?" ಎಂದರು. "ನಿಮ್ಗೆಂತ ಗೊತ್ತು? ಬಾಡಿಗೆಗೆ ಹೋಗಿ, ಬೇಕಾದ್ರೆ ಫೋನ್ ಮಾಡ್ತೇನೆ" ಎಂದು ಕಳುಹಿಸಿದೆ.

ಎಂಟೂವರೆ ಆಗಿರಬಹುದು. ಅಕ್ಕ ಹುಲ್ಲಿನ ಹೊರೆ ಹೊತ್ತು ಬೇಲಿಯ ಬದಿಯಲ್ಲಿ ಹೋಗುತ್ತಿದ್ದರು. ಒಳಗಿನಿಂದ ಮಗಳ ನರಳಾಟ ಕೇಳಿ ನಿಂತರು. ಆಮೇಲೆ ಅವರ ಕಣ್ಣು ನಮ್ಮ ಬಟ್ಟೆ ಹಗ್ಗದ ಮೇಲೆ ಬಿತ್ತು. ನಮ್ಮ ಹಗ್ಗ ಮನೆಯ ಎದುರಿಗೇ ಇರುವುದು.

"ಇದು ಯಾರ ಲಂಗ? ಐದು ಉಂಟು" ಎಂದರು.

"ಮಗಳದ್ದು."

"ಯಾವಾಗಿಂದ ಒದ್ದೆ?"

"ನಿನ್ನೆ ಬೆಳಗ್ಗೆಯಿಂದ."

ಹೊರೆಯ ಕೆಳಗೆ ಅವರ ಮುಖ ಬಿಳಿಚಿಕೊಂಡಿತು. "ಅದು ಮೂತ್ರ ಅಲ್ಲ ಮಾರಾಯ್ತಿ. ನೀರು ಹೋದದ್ದು. ಒಂದು ದಿನ ಆಯ್ತು. ಈಗ ಹೊರಡು. ಬಟ್ಟೆ ಗಿಟ್ಟೆ ಕಟ್ಟುದು ಬೇಡ, ಈಗ ಹೊರಡು."

ಅವರ ಗಂಟಲು ಏರಿತ್ತು. ನನಗೂ ಏರಿತು. ನಿದ್ದೆಯಿಲ್ಲದ ತಲೆ, ಒಳಗೆ ನರಳುವ ಮಗಳು. ಇಪ್ಪತ್ತೆಂಟು ವರ್ಷದ ಮುಳ್ಳು ಆಗಲೇ ಬಾಯಿಗೆ ಬಂತು.

"ನಮ್ಮ ಚಾಪೆಯಲ್ಲಿ ಕೂರದವರು, ನಮ್ಮ ಮನೆಯ ಒಂದು ಗ್ಲಾಸು ನೀರು ಕುಡಿಯದವರು, ನಮ್ಮ ಮನೆಯ ಹೆರಿಗೆಗೆ ಬುದ್ಧಿ ಹೇಳುದು ಬೇಡ ಅಕ್ಕಾ. ಚೊಚ್ಚಲು, ಹೊತ್ತು ಹಿಡಿತದೆ."

ಅವರು ಹೊರೆಯನ್ನು ಅಲ್ಲೇ ಎಸೆದರು. ಅಂಗಳ ದಾಟಿ ಬಂದರು. ಎರಡು ಮೆಟ್ಟಿಲು ಹತ್ತಿದರು. ನಮ್ಮ ಜಗಲಿಯ ಕೆಂಪು ಸಿಮೆಂಟಿನ ನೆಲದ ಮೇಲೆ, ನನ್ನ ಕಾಲಿನ ಬುಡದಲ್ಲಿ, ಕೂತರು.

ಎಷ್ಟು ಹೊತ್ತು? ಒಂದು ಉಸಿರು ಎಳೆದು ಬಿಡುವಷ್ಟು. ಆಮೇಲೆ ಎದ್ದು ಬದಿಗೆ ಸರಿದು ನಿಂತರು. ಕೂತ ಜಾಗವನ್ನು ಬೆರಳಿನಿಂದ ತೋರಿಸಿದರು. ನೆಲ ಒದ್ದೆಯಾಗಿತ್ತು.

"ಕಂಡಿತಾ? ಇದು ನನ್ನ ಚೊಚ್ಚಲು" ಎಂದರು. "ನನ್ನ ಅತ್ತೆಯೂ ಇದೇ ಹೇಳಿದ್ದು. ಚೊಚ್ಚಲು, ಹೊತ್ತು ಹಿಡಿತದೆ ಅಂತ. ಎರಡು ಸಲ ಸೂರ್ಯ ಮುಳುಗುದನ್ನು ಕಿಟಕಿಯಲ್ಲಿ ನೋಡಿದೆ. ಮೂರನೆಯದ್ದು ನನಗೆ ನೆನಪಿಲ್ಲ. ಗಂಡು ಮಗು. ಅತ್ತದ್ದು ನಾನು ಕೇಳ್ಲಿಲ್ಲ, ಯಾರೂ ಕೇಳ್ಲಿಲ್ಲ. ಏಳನೇ ದಿನದಿಂದ ಇದು ಸುರುವಾಯ್ತು, ಇವತ್ತಿನವರೆಗೆ ನಿಲ್ಲಲಿಲ್ಲ. ನಿನ್ನ ಚಾಪೆ ಹಾಳಾದೀತು ಅಂತ ಕೂರ್ಲಿಲ್ಲ. ಕುಡಿದದ್ದೆಲ್ಲ ಹೀಗೆ ಹೋಗ್ತದೆ, ಅದಕ್ಕೆ ಕುಡಿಲಿಲ್ಲ. ಈಗ ಫೋನ್ ಮಾಡು."

ನನಗೆ ನಂಬರು ಒತ್ತಲು ಆಗಲಿಲ್ಲ. ಮಗಳೇ ಒಳಗಿನಿಂದ ಫೋನ್ ಮಾಡಿದಳು. ಅವಳಿಗೆ ಎಲ್ಲವೂ ಕೇಳಿಸಿತ್ತು.

ಆಟೋ ಬಂತು. "ಬನ್ನಿ ಅಕ್ಕಾ" ಎಂದೆ. "ಬೇಡ. ಸೀಟು ಒದ್ದೆ ಆಗ್ತದೆ, ಬಸುರಿಗೆ ಅದು ಬೇಡ. ನೀವು ಹೋಗಿ. ಡಾಕ್ಟ್ರು ಕೇಳಿದ್ರೆ ಸುಳ್ಳು ಹೇಳ್ಬೇಡ. ನೀರು ಹೋದದ್ದು ನಿನ್ನೆ ಬೆಳಗ್ಗೆ, ನೋವು ನಿನ್ನೆ ಮಧ್ಯಾಹ್ನ. ಬಾಯಿಪಾಠ ಮಾಡು" ಎಂದರು. ಉಪ್ಪಿನಂಗಡಿ ದಾಟಿ ಪುತ್ತೂರು ಮುಟ್ಟುವವರೆಗೂ ನಾನು ಅದನ್ನೇ ಹೇಳುತ್ತಾ ಕೂತೆ. ದುವಾ ಸಹ ಬಾಯಿಗೆ ಬರಲಿಲ್ಲ.

ಆಸ್ಪತ್ರೆಯ ಡಾಕ್ಟ್ರಮ್ಮ ಕೇಳಿದ ಮೊದಲ ಪ್ರಶ್ನೆಯೇ ಅದು. ನಾನು ಪಾಠ ಒಪ್ಪಿಸಿದೆ. ಅವರು ನನಗೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಚೊಚ್ಚಲು ನಿಧಾನ ಹೌದಮ್ಮ. ಆದ್ರೆ ನಿಧಾನ ಬೇರೆ, ಮುಂದೆಯೇ ಹೋಗದೆ ಇರುದು ಬೇರೆ. ಮಗುವಿನ ತಲೆ ತಿರುಗಿ ಸಿಕ್ಕಿಕೊಂಡಿದೆ. ಇವಳಿಗೆ ಜ್ವರ ಸುರುವಾಗಿದೆ. ಇನ್ನು ಕಾಯ್ಲಿಕ್ಕಿಲ್ಲ" ಎಂದು ಆಪರೇಶನಿಗೆ ತೆಗೆದುಕೊಂಡು ಹೋದರು.

ಶುಕ್ರವಾರದ ಜುಮಾದ ಬಾಂಗು ಕೇಳುವ ಹೊತ್ತಿಗೆ ಅವಳು ಹುಟ್ಟಿದಳು, ನನ್ನ ಚಿನ್ನ. ಆದರೆ ಹುಟ್ಟಿದ ಕೂಡಲೇ ಅಳಲಿಲ್ಲ. ಅವರು ಅವಳನ್ನು ಎತ್ತಿಕೊಂಡು ಓಡಿದರು. ಇತ್ತ ಮಗಳಿಗೆ ರಕ್ತ ನಿಲ್ಲಲಿಲ್ಲ. ಇಡೀ ದಿನ ನೋವು ತಿಂದ ಗರ್ಭಕೋಶ ದಣಿದು ಮುದುಡುವುದನ್ನೇ ಮರೆತಿದೆ ಎಂದರು. ಎರಡು ಬಾಟ್ಲಿ ರಕ್ತ ಬೇಕಾಯಿತು. ನಮ್ಮವರು ಒಂದು ಕೊಟ್ಟರು, ಸ್ಟ್ಯಾಂಡಿನ ಇನ್ನೊಬ್ಬ ಆಟೋದವನು ಒಂದು ಕೊಟ್ಟ. ನಾನು ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡಿದೆ. ಗೇಟಿನ ಬದಿಯ ಮರದ ಕೆಳಗೆ ಅಕ್ಕ ನಿಂತಿದ್ದರು.

ಎರಡು ಬಸ್ಸು ಬದಲಾಯಿಸಿ, ಕೊಯಿಲದಿಂದ ಪುತ್ತೂರಿಗೆ ನಿಂತೇ ಬಂದಿದ್ದರು. ಅಲ್ಲಿಯೂ ನಿಂತಿದ್ದರು. ಹತ್ತಿರದಲ್ಲಿ ಸಿಮೆಂಟಿನ ಬೆಂಚು ಖಾಲಿ ಇತ್ತು. ನಾನು ಕಿಟಕಿಯಿಂದ ಕೈ ಬೀಸಿದೆ. ಅವರು ಗದ್ದ ಎತ್ತಿ ಏನು ಎಂದು ಕೇಳಿದರು. ಗೊತ್ತಿಲ್ಲ ಎಂದು ಕೈ ತಿರುಗಿಸಿದೆ. ಹೀಗೆ ನಾವಿಬ್ಬರು, ಅವರು ಕೆಳಗೆ, ನಾನು ಮೇಲೆ, ಸಂಜೆಯವರೆಗೆ ಒಬ್ಬರನ್ನೊಬ್ಬರು ನೋಡುತ್ತಾ ನಿಂತೆವು. ನನ್ನ ಹಿಂದೆ ಕುರ್ಚಿ ಇತ್ತು. ಕೂರಲು ಕಾಲು ಬಗ್ಗಲಿಲ್ಲ.

ಐದು ಗಂಟೆಗೆ ನರ್ಸು ಬಂದು, "ಅಜ್ಜೀ, ಮೊಮ್ಮಗಳ ದನಿ ಕೇಳ್ತದಾ?" ಎಂದಳು. ಕೇಳಿತು. ಬೆಕ್ಕಿನ ಮರಿಯಂಥ ಸಣ್ಣ ದನಿ. ನಾನು ಕೆಳಗೆ ಓಡಿದೆ. "ಅತ್ತಳು ಅಕ್ಕಾ, ಅತ್ತಳು!" ಎಂದು ಅವರ ಎರಡೂ ಕೈ ಹಿಡಿದೆ.

"ಅಳ್ಲಿ. ಚೆನ್ನಾಗಿ ಅಳ್ಲಿ" ಎಂದರು. ಬಸ್ಸಿನ ಹೊತ್ತಾಯಿತು ಎಂದು ಹೊರಟುಹೋದರು.

ಮಗು ಒಂಬತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಆ ಒಂಬತ್ತು ದಿನದಲ್ಲಿ ಒಂದು ದಿನ ಡಾಕ್ಟ್ರಮ್ಮ, "ಅವತ್ತು ಮರದ ಕೆಳಗೆ ಇಡೀ ದಿನ ನಿಂತಿದ್ದ ಆ ಹೆಂಗಸು ಯಾರು? ನಿಮ್ಮವರಾ?" ಎಂದು ಕೇಳಿದರು. "ನಮ್ಮವರೇ" ಎಂದೆ. ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಮಗುವಿನ ತಲೆ ದಿನಗಟ್ಟಲೆ ಒಂದೇ ಕಡೆ ಒತ್ತಿದರೆ ಒಳಗಿನ ಮಾಂಸಕ್ಕೆ ರಕ್ತ ಸಿಗದೆ ಅದು ಸತ್ತು ಉದುರುತ್ತದೆ, ಮೂತ್ರದ ಚೀಲಕ್ಕೆ ತೂತಾಗುತ್ತದೆ ಎಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. "ಇದನ್ನು ಹೊಲಿಲಿಕ್ಕೆ ಆಗ್ತದಮ್ಮ. ಈಗಲೂ ಆಗ್ತದೆ. ಇಷ್ಟು ವರ್ಷ ಯಾಕೆ ಬರ್ಲಿಲ್ಲ ಅವರು?"

ನಾನು ಅದನ್ನೇ ಅಕ್ಕನ ಹತ್ತಿರ ಕೇಳಿದೆ. ಅವರು ನನ್ನನ್ನು ಏನೂ ಗೊತ್ತಿಲ್ಲದ ಹುಡುಗಿಯನ್ನು ನೋಡುವ ಹಾಗೆ ನೋಡಿದರು.

"ಆಸ್ಪತ್ರೆಯಲ್ಲಿ ಮೊದಲು ಎಂತ ಹೇಳ್ತಾರೆ? ಚೀಟಿ ತಕೊಳ್ಳಿ, ಬೆಂಚಿನಲ್ಲಿ ಕೂತ್ಕೊಳ್ಳಿ ಅಂತ. ಪ್ರಾಯದಲ್ಲಿ ಒಮ್ಮೆ ಸುಳ್ಯದಲ್ಲಿ ಕೂತಿದ್ದೆ. ಬದಿಯಲ್ಲಿದ್ದವಳು ಮೂಗು ಮುಚ್ಚಿ ಎದ್ದು ಹೋದಳು. ನನ್ನ ನಂಬರು ಕರೆಯುವ ಮೊದಲೇ ನಾನೂ ಎದ್ದು ಬಂದೆ."

ಬೆಂಚಿನಲ್ಲಿ ಕೂರಬೇಕಾಗುತ್ತದೆ ಎಂದು ಒಂದು ಜೀವ ಬದುಕನ್ನೇ ನಿಂತು ಕಳೆಯಿತು.

ಅದನ್ನು ಹೊಲಿಸಲು ಮಂಗಳೂರಿನ ಆಸ್ಪತ್ರೆಗೆ ಅವರನ್ನು ಒಪ್ಪಿಸುವುದಕ್ಕೆ ಒಂದು ತಿಂಗಳು ಬೇಕಾಯಿತು. "ಇನ್ನು ಯಾರಿಗೆ ಬೇಕಾಗಿ?" ಎಂದು ಹಟ ಹಿಡಿದರು. "ನನಗೆ ಬೇಕಾಗಿ" ಎಂದೆ. "ನೀವು ನನ್ನ ಮನೆಯಲ್ಲಿ ಒಮ್ಮೆ ಸರಿಯಾಗಿ ಕೂರ್ಬೇಕು. ಇಲ್ಲದಿದ್ರೆ ನಾನು ಸತ್ತ ಮೇಲೆ ಹುಟ್ಟಿಸಿದವನಿಗೆ ಎಂತ ಉತ್ತರ ಹೇಳುದು?" ಕೊನೆಗೆ ಹೊರಟರು. ಆಟೋದ ಎದುರು ನಿಂತು ಮತ್ತೆ ಅದೇ ಮಾತು, ಸೀಟು ಒದ್ದೆಯಾಗುತ್ತದೆ ಎಂದು. ನಮ್ಮವರು ಹೆಚ್ಚು ಮಾತನಾಡುವವರಲ್ಲ. ಅವತ್ತು ಹೇಳಿದರು:

"ಅಕ್ಕಾ, ಈ ಸೀಟಿನಲ್ಲಿ ಮೀನಿನ ಬುಟ್ಟಿ ಕೂತಿದೆ, ಆಡು ಕೂತಿದೆ, ವಾಂತಿ ಮಾಡುವ ಕುಡುಕ ಕೂತಿದ್ದಾನೆ. ನೀವೊಬ್ರು ಬಾಕಿ. ಕೂತ್ಕೊಳ್ಳಿ."

ಅವರು ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆವಾಗ. ಮುಂದಿನ ಎರಡು ಹಲ್ಲಿನ ನಡುವೆ ಸಂದು ಇತ್ತು. ಇಷ್ಟು ವರ್ಷದ ನೆರೆಕರೆಯಲ್ಲಿ ಅದು ನನಗೆ ಗೊತ್ತಿರಲಿಲ್ಲ.

ಆಪರೇಶನ್ ಆಯಿತು. ಮೂರು ವಾರ ಮೂತ್ರದ ನಳಿಗೆ ಹಾಕಿ ಮಲಗಿಸಿದರು. ಬಾಣಂತಿ ಮಗಳನ್ನು ಬಿಟ್ಟು ನನಗೆ ಹೋಗಲು ಆದದ್ದು ಎರಡೇ ಸಲ. ಉಳಿದ ದಿನ ಅವರ ಹತ್ತಿರ ಯಾರಿದ್ದರು? ಯಾರೂ ಇರಲಿಲ್ಲ. "ಬೇಸರ ಆಗ್ತದಾ ಅಕ್ಕಾ?" ಎಂದು ಕೇಳಿದ್ದಕ್ಕೆ, "ಒಬ್ಬಳೇ ಇರುದು ನಿನ್ನೆ ಮೊನ್ನೆ ಕಲಿತದ್ದಾ?" ಎಂದರು. ಗೋಡೆಯ ಕಡೆಗೆ ತಿರುಗಿ ಮಲಗಿದರು. ನಳಿಗೆ ತೆಗೆದ ದಿನ ಹಾಸಿಗೆಯ ಬಟ್ಟೆಯನ್ನು ಗಂಟೆಗೊಮ್ಮೆ ಮುಟ್ಟಿ ನೋಡುತ್ತಿದ್ದರಂತೆ. ನರ್ಸು ಬೈದಳಂತೆ, "ಸಾಕು ಅಮ್ಮಾ, ಇನ್ನು ಮುಟ್ಟಿದ್ರೆ ಬಟ್ಟೆ ಹರಿದೀತು" ಎಂದು.

ಊರಿಗೆ ಬಂದು ನಾಲ್ಕು ದಿನದ ಮೇಲೆ, ಒಂದು ಸಂಜೆ, ಅಂಗಳದಲ್ಲಿ ಬಂದು ಮೆಟ್ಟಿಲಿನ ಕೆಳಗೆ ನಿಂತರು. ಅಭ್ಯಾಸ ಬಿಡಲಿಲ್ಲ. ನಾನು ಒಳಗೆ ಓಡಿ, ಮಗಳ ಮದುವೆಗೆ ತಂದ ಹೂವಿನ ಚಾಪೆಯನ್ನು ಮೇಲಿನಿಂದ ಇಳಿಸಿ, ಕೊಡವಿ, ಜಗಲಿಯಲ್ಲಿ ಹಾಸಿದೆ. ಅವರು ಚಾಪೆಯನ್ನು ನೋಡಿದರು. ನನ್ನನ್ನು ನೋಡಿದರು. ಮೆಟ್ಟಿಲು ಹತ್ತಿ ಬಂದು, ಗೋಡೆಗೆ ಕೈ ಊರಿ, ಮುದುಕಿಯರು ಕೂರುವ ಹಾಗಲ್ಲ, ಹೊಸ ಮದುಮಗಳು ಕೂರುವ ಹಾಗೆ ಮೆಲ್ಲಗೆ ಕೂತರು. ಕೂತವರು ಕೂಡಲೇ ಎದ್ದರು. ತಿರುಗಿ ಕೂತ ಜಾಗವನ್ನು ನೋಡಿದರು. ಅಂಗೈಯಿಂದ ಒರೆಸಿ ನೋಡಿದರು. ಮತ್ತೆ ಕೂತರು.

ಚಾ ಕೊಟ್ಟೆ. ಒಂದು ಗುಟುಕು ಕುಡಿದು, "ಸಕ್ರೆ ಹೆಚ್ಚಾಯ್ತು" ಎಂದರು. ಇಷ್ಟು ವರ್ಷ ಕಾದು ಸಿಕ್ಕಿದ ಮಾತು ಅದು!

ಮಗಳು ಒಳಗಿನಿಂದ ಬಂದು, ಕೇಳದೆ, ಮಗುವನ್ನು ಅವರ ಮಡಿಲಿಗೆ ಹಾಕಿದಳು. ಮಕ್ಕಳನ್ನು ಅವರು ಎತ್ತಿದ್ದನ್ನು ಯಾರೂ ನೋಡಿರಲಿಲ್ಲ. ಮಗಳು ಸಣ್ಣವಳಿರುವಾಗ ಅವಳಿಗೆ ಪೇರಳೆ ಹಣ್ಣು ಕೊಡುವುದಾದರೂ ಬೇಲಿಯ ಆಚೆಯಿಂದ ಎಸೆಯುತ್ತಿದ್ದರು. ಈಗ ಎರಡೂ ಕೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದು, ಮಡಿಲಲ್ಲಿ ಮಗುವನ್ನು ಇಟ್ಟುಕೊಂಡು, ಉಸಿರಾಡದೆ ಕೂತರು. ಮೂರು ತಿಂಗಳ ಮಗು ಅವರ ಮುಖವನ್ನೇ ನೋಡುತ್ತಾ, ಕಾಲು ಝಾಡಿಸಿ, ಸುಸ್ಸೆಂದು ಮೂತ್ರ ಮಾಡಿಬಿಟ್ಟಿತು.

ಸೀರೆ ಒದ್ದೆ, ಚಾಪೆ ಒದ್ದೆ. "ಅಯ್ಯೋ, ಕೊಡಿ ಕೊಡಿ" ಎಂದು ನಾನು ಎದ್ದೆ. ಅಕ್ಕ ಕೊಡಲಿಲ್ಲ. ಕೆಳಗೆ ನೋಡಿದರು, ಚಾಪೆಯ ಮೇಲೆ ಹರಡುತ್ತಿದ್ದ ಗುರುತನ್ನು ನೋಡಿದರು. ಆಮೇಲೆ ತಲೆ ಹಿಂದಕ್ಕೆ ಹಾಕಿ, ಆ ಹಲ್ಲಿನ ಸಂದು ಕಾಣುವ ಹಾಗೆ, ಬೇಲಿಯ ಆಚೆಯ ದನ ತಲೆ ಎತ್ತಿ ನೋಡುವ ಹಾಗೆ ನಕ್ಕರು.

"ಇದು ನನ್ನದಲ್ಲ!" ಎಂದರು. "ನೋಡು ಮಾರಾಯ್ತಿ, ಇದು ನನ್ನದಲ್ಲ!"

ನಕ್ಕು ನಕ್ಕು ಕೊನೆಗೆ ಅತ್ತರು. ಮಗು ಹೆದರಲಿಲ್ಲ. ಅವರ ಬೆರಳು ಹಿಡಿದುಕೊಂಡು ನಿದ್ದೆ ಹೋಯಿತು. ಕತ್ತಲಾಗುವವರೆಗೆ ಅವರು ಒದ್ದೆ ಸೀರೆಯಲ್ಲಿ ಕೂತೇ ಇದ್ದರು. ಆ ಹೊತ್ತಿನಲ್ಲಿ ಅವರು ಆ ಗಂಡು ಮಗುವಿನ ಬಗ್ಗೆ ಹೇಳಿದರು. ಅದರ ತಲೆಯಲ್ಲಿ ತುಂಬಾ ಕೂದಲಿತ್ತಂತೆ. ಅಷ್ಟೇ ಅವರಿಗೆ ಗೊತ್ತಿದ್ದದ್ದು.

ಆಮೇಲೂ ಬರುತ್ತಿದ್ದರು, ಆದರೆ ಕೂರುವಷ್ಟು ಪುರುಸೊತ್ತು ಸಿಗಲಿಲ್ಲ. ದನ ಕಾಯುತ್ತದೆ, ಬೀಡಿ ಬಾಕಿ ಉಂಟು, ನಾಳೆ ಕೂರುವ ಎನ್ನುತ್ತಿದ್ದರು. ನಾಳೆಗಳು ತುಂಬಾ ಇವೆ ಎಂದು ನಾವಿಬ್ಬರೂ ತಿಳಿದಿದ್ದೆವು. ಕಾಲು ಊದಲು ಸುರುವಾದದ್ದನ್ನು ನನಗೆ ಹೇಳಲಿಲ್ಲ. ವರ್ಷಗಟ್ಟಲೆ ನೀರು ಕುಡಿಯದೆ, ಒಳಗೆ ನಂಜು ಏರಿ ಏರಿ, ಮೂತ್ರಪಿಂಡ ಎರಡೂ ಸೊರಗಿದ್ದವಂತೆ. ಹೊಲಿಗೆ ಚೆನ್ನಾಗಿಯೇ ಕೂಡಿತ್ತು, ತಡವಾದದ್ದು ಅವರು ಬಂದದ್ದು ಎಂದರು ಡಾಕ್ಟ್ರು. ಅಣ್ಣನ ಮಗ ಆಸ್ಪತ್ರೆಗೆ ಸೇರಿಸಿದ ಎರಡನೆಯ ದಿನ ಹೋಗಿಬಿಟ್ಟರು. ಕೊನೆಯವರೆಗೂ ಹಾಸಿಗೆ ಒಣಗಿಯೇ ಇತ್ತು ಎಂದು ಅವನು ನನಗೆ ಹೇಳಿದ. ಅದನ್ನು ನನಗೆ ಹೇಳಬೇಕು ಎಂದು ಅವನಿಗೆ ಹೇಗೆ ಗೊತ್ತಾಯಿತೋ.

ಅವತ್ತು ದೊಡ್ಡ ಮನೆಯ ಅಂಗಳದಲ್ಲಿ ಜನ ಸೇರಿದ್ದರು. ಬ್ರಾಂಚಿನ ಹೆಂಗಸರೂ ಬಂದಿದ್ದರು. ಅಣ್ಣನ ಮಗ ಕುರ್ಚಿ ತಂದು, "ಕೂತ್ಕೊಳ್ಳಿ" ಎಂದ. ಲೈಟ್ ಕಂಬ ಎಂದು ಹೆಸರಿಟ್ಟವಳು ನನ್ನ ಸೆರಗು ಎಳೆದಳು, "ಕೂರು ಮಾರಾಯ್ತಿ, ಇನ್ನೂ ಹೊತ್ತುಂಟು" ಎಂದು. ನಾನು ಕೂರಲಿಲ್ಲ. ಅವರನ್ನು ಎತ್ತಿಕೊಂಡು ಹೋಗುವವರೆಗೆ ಒಂದು ಮರದ ಕೆಳಗೆ ನಿಂತಿದ್ದೆ. ನಿಂತವರಿಗೆ ದೂರ ಕಾಣುತ್ತದೆ ಎನ್ನುತ್ತಿದ್ದರಲ್ಲ, ನನಗೆ ಕಂಡದ್ದು ಅವರ ಮನೆಯ ಹಿಂದಿನ ಬಟ್ಟೆ ಹಗ್ಗ ಮಾತ್ರ. ಅದರ ಮೇಲೆ ಒಂದೇ ಒಂದು ಸೀರೆ ಇತ್ತು.

ನಿನ್ನೆ ಬೇಲಿಯಿಂದ ನಾನು ಹಿಂದೆ ಬಂದಾಗ ಮಗಳು, ನಮ್ಮವರು ಇನ್ನೂ ಅಲ್ಲೇ ಇದ್ದರು. ಮೊಮ್ಮಗಳು ಜಗಲಿಯ ಕೆಂಪು ನೆಲದಲ್ಲಿ ನಾಲ್ಕನೆಯ ಸಲ ಕೂತಿದ್ದಳು. ಬೆನ್ನು ನೆಟ್ಟಗೆ, ರಾಣಿಯ ಹಾಗೆ. ನನ್ನನ್ನು ನೋಡಿ ಎರಡೂ ಕೈ ಎತ್ತಿದಳು. ಎತ್ತಿಕೊಂಡೆ. ಅವಳು ಕೂತಿದ್ದ ಜಾಗ ಒದ್ದೆಯಾಗಿತ್ತು.

ಮಗಳು ಒರೆಸುವ ಬಟ್ಟೆ ತಂದಳು. "ಬೇಡ ಮೋಳೇ, ಇರ್ಲಿ" ಎಂದೆ.

ಮಗುವನ್ನು ಎದೆಗೆ ಒತ್ತಿಕೊಂಡು, ಅದು ತಾನಾಗಿಯೇ ಒಣಗುವವರೆಗೆ ನಾನು ಅಲ್ಲೇ ನಿಂತಿದ್ದೆ.